ಗೋಧಿ ಬಿಯರ್‌ಗೆ ಧೂಳು, ಸ್ಟ್ರಾಂಗ್‌ಗೆ ಫ್ರಿಜ್: ನಮ್ಮೂರಲ್ಲಿ ರುಚಿ ಬದಲಾಗಿದೆಯಾ ಇಲ್ವಾ?

ಉಣಕಲ್_ಹಕ್ಕಿ · ಶನಿವಾರ ರಾತ್ರಿ 9:40

ಬೆಂಗಳೂರಲ್ಲಿ ಒಂಬತ್ತು ವರ್ಷ ಇದ್ದು ಹೋದ ವರ್ಷ ವಾಪಸ್ ಹುಬ್ಬಳ್ಳಿಗೆ ಬಂದವನು ನಾನು. ಮೊನ್ನೆ ಗೋಕುಲ ರೋಡ್ ಕಡೆ ಒಂದು ಅಂಗಡಿಗೆ ಹೋಗಿ ಗೋಧಿ ಬಿಯರ್ ಇದೆಯಾ ಅಂತ ಕೇಳಿದೆ. ಹುಡುಗ ಸ್ಟೂಲ್ ಹತ್ತಿದ, ಎಲ್ಲಕ್ಕಿಂತ ಮೇಲಿನ ಸಾಲಿನಿಂದ ಒಂದು ಬಾಟಲಿ ತೆಗೆದ, ಅಂಗಿ ತೋಳಿನಿಂದ ಧೂಳು ಒರೆಸಿದ, ಕೈಗೆ ಕೊಟ್ಟ. ಬೆಚ್ಚಗಿತ್ತು, ಚಹಾದ ಲೋಟದ ಹಾಗೆ. ಫ್ರಿಜ್‌ನಲ್ಲಿ ಇಲ್ಲವೇನಪ್ಪಾ ಅಂದರೆ, "ಫ್ರಿಜ್‌ನ್ಯಾಗ ಸ್ಟ್ರಾಂಗ್ ಬಿಯರ್ ಅಷ್ಟ ಇಡೂದ್ರಿ ಸರ, ಇದನ್ನ ಯಾರ್ ಕೇಳ್ತಾರ" ಅಂದ.

ಮನೆಗೆ ತಂದು ಮೂರು ತಾಸು ತಣ್ಣಗೆ ಮಾಡಿ ಕುಡಿದೆ. ಒದ್ದೆ ರಟ್ಟಿನ ಡಬ್ಬಿ ನೆಕ್ಕಿದ ಹಾಗಿತ್ತು. ಅರ್ಧ ಸಿಂಕಿಗೆ ಹೋಯ್ತು.

ನನ್ನ ಪ್ರಶ್ನೆ ಇಷ್ಟೇ. ಎಲ್ಲಾ ಕಂಪನಿಗಳು ಹೊಸ ಹೊಸ ಬಿಯರ್ ತರ್ತಿವೆ, ಗೋಧಿದು, ಹಣ್ಣಿಂದು, ಆಲ್ಕೋಹಾಲ್ ಇಲ್ಲದ್ದು, ಏನೇನೋ. ಹುಬ್ಬಳ್ಳಿ-ಧಾರವಾಡದ ಜನರ ನಾಲಿಗೆಗೆ ಇದು ಬೇಡವಾ, ಅಥವಾ ನಮಗೆ ಸರಿಯಾಗಿ ಸಿಗ್ತಾನೇ ಇಲ್ವಾ?

ಕೌಂಟರ್_ಕಾಕಾ · ಶನಿವಾರ ರಾತ್ರಿ 10:15

ತಮ್ಮಾ, 14 ವರ್ಷ ಕೌಂಟರ್‌ನಲ್ಲಿ ನಿಂತಿದ್ದೇನೆ, ನಾನೇ ಹೇಳ್ತೀನಿ ಕೇಳು. ಆ ಹುಡುಗನ್ನ ಬೈಬೇಡ. ಅಂಗಡಿಯಲ್ಲಿ ಎರಡು ಫ್ರಿಜ್ ಇರ್ತವೆ. ಸಂಜೆ ಆರರಿಂದ ಹತ್ತರ ತನಕ ಅವೆರಡೂ ಎಷ್ಟು ಸಲ ಖಾಲಿಯಾಗಿ ತುಂಬ್ತವೆ ಅನ್ನೋದರ ಮೇಲೆ ನಮ್ಮ ಹೊಟ್ಟೆ ನಿಂತಿದೆ. ಸ್ಟ್ರಾಂಗ್ ಇಟ್ಟರೆ ಆ ಜಾಗ ದಿನಕ್ಕೆ ನಾಲ್ಕು ಸಲ ದುಡಿಯುತ್ತೆ. ನಿನ್ನ ಗೋಧಿ ಬಿಯರ್ ಇಟ್ಟರೆ ವಾರಕ್ಕೆ ಒಂದು ಸಲ, ಅದೂ ನಿನ್ನಂಥವನು ಬಂದರೆ.

ಇನ್ನೊಂದು ಲೆಕ್ಕ. ನಮ್ಮ ಗಿರಾಕಿ ಕಿಸೆಯಲ್ಲಿ ಕ್ಯಾಲ್ಕುಲೇಟರ್ ಇಟ್ಕೊಂಡು ಬರಲ್ಲ, ತಲೆಯಲ್ಲೇ ಇಟ್ಕೊಂಡು ಬರ್ತಾನೆ. 650 ಎಂಎಲ್ ಸ್ಟ್ರಾಂಗ್, 8 ಪರ್ಸೆಂಟ್ ಅಂದರೆ ಒಳಗೆ ಶುದ್ಧ ಆಲ್ಕೋಹಾಲ್ 52 ಎಂಎಲ್. ಅದೇ ಸೈಜಿನ ಲೈಟ್, 4.8 ಪರ್ಸೆಂಟ್, ಅದರಲ್ಲಿ 31. ನಿನ್ನ 330ರ ಸಣ್ಣ ಬಾಟಲಿಯಲ್ಲಿ ಹದಿನೈದು-ಹದಿನಾರು. ಒಂದು ಕ್ವಾರ್ಟರ್ ವಿಸ್ಕಿ, 180 ಎಂಎಲ್, 42.8 ಪರ್ಸೆಂಟ್, ಅದರಲ್ಲಿ 77. ಈಗ ನೀನೇ ರೇಟು ನೋಡು. ಗೌಂಡಿ ಕೆಲಸ ಮುಗಿಸಿ ಬಂದವನು ಯಾವುದಕ್ಕೆ ರೊಕ್ಕ ಕೊಡ್ತಾನೆ? ಅವನು ರುಚಿ ಕೊಳ್ಳೋಕೆ ಬಂದಿಲ್ಲ, ನಿದ್ದೆ ಕೊಳ್ಳೋಕೆ ಬಂದಿದ್ದಾನೆ.

ಬೆಟಗೇರಿ_ಮಗ · ಶನಿವಾರ ರಾತ್ರಿ 10:32

ಕಾಕಾ ಹೇಳಿದ್ದು ಖರೆ. ಗದಗದಲ್ಲಿ ಇನ್ನೂ ಕಡೆ. ಗೋಧಿ ಬಿಯರ್ ಕೇಳಿದರೆ "ಗೋಧಿ ಬೇಕಂದ್ರ ಎಪಿಎಂಸಿಗೆ ಹೋಗ್ರಿ" ಅಂತ ನಗ್ತಾರೆ. 😄 ಬೀರಾ ಅನ್ನೋ ಗೋಧಿ ಬಿಯರ್ ಹೊಸದಾಗಿ ಬಂದಾಗ ಹೆಸರು ಯಾರಿಗೂ ಬಾಯಿಗೆ ಬರ್ತಿರಲಿಲ್ಲ, ಬಾಟಲಿ ಮೇಲಿನ ಮಂಗನ ಚಿತ್ರ ನೋಡಿ "ಮಂಗ್ಯಾನ ಬಿಯರ್ ಕೊಡ್ರಿ" ಅಂತಿದ್ವಿ.

ಮಾಲ್ಟ್_ಮೇಷ್ಟ್ರು · ಶನಿವಾರ ರಾತ್ರಿ 11:20

ನಾನು ಮೂವತ್ತು ವರ್ಷ ಬಿಯರ್ ಫ್ಯಾಕ್ಟರಿಯ ಲ್ಯಾಬಿನಲ್ಲಿದ್ದು ಈಗ ಧಾರವಾಡದಲ್ಲಿ ಸುಮ್ನೆ ಕೂತಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ, ಬೇಜಾರಾದರೆ ದಾಟಿಸಿ ಓದಿ.

ಹಕ್ಕಿ, ನೀವು ಹೇಳಿದ ಒದ್ದೆ ರಟ್ಟಿನ ವಾಸನೆ ಗೋಧಿ ಬಿಯರಿನ ರುಚಿ ಅಲ್ಲ. ಅದು ಹಳೇದಾದ ಬಿಯರಿನ ರುಚಿ. ಬಾಟಲಿಯೊಳಗೆ ಉಳಿದ ಚೂರು ಆಮ್ಲಜನಕ ನಿಧಾನಕ್ಕೆ ಕೆಲಸ ಮಾಡುತ್ತೆ, ಶಾಖ ಜಾಸ್ತಿಯಾದಷ್ಟೂ ಬೇಗ. ನಮ್ಮ ಲೆಕ್ಕ ಏನಂದರೆ ಹತ್ತು ಡಿಗ್ರಿ ಏರಿದರೆ ಹಾಳಾಗೋ ವೇಗ ಹೆಚ್ಚುಕಡಿಮೆ ಎರಡು ಪಟ್ಟು. ಲೇಬಲ್ ಮೇಲೆ ಆರು ತಿಂಗಳು ಅಂತ ಬರೆದಿರ್ತಾರೆ, ಸರಿ. ಆದರೆ ಏಪ್ರಿಲ್‌ನಲ್ಲಿ ತಗಡಿನ ಗೋಡೌನ್‌ನಲ್ಲಿ, ಆಮೇಲೆ ಅಂಗಡಿಯ ಮೇಲಿನ ಸಾಲಿನಲ್ಲಿ ಕೂತ ಬಾಟಲಿಗೆ ಆ ಆರು ತಿಂಗಳು ಯಾವ ಲೆಕ್ಕ? ಸ್ಟ್ರಾಂಗ್‌ಗೂ ಇದೇ ಆಗುತ್ತೆ. ಆದರೆ ಅದು ವಾರದಲ್ಲಿ ಖಾಲಿಯಾಗುತ್ತೆ, ಮತ್ತೆ ಅದರ ಸಿಹಿ ಮತ್ತು ಸುಡುವ ಆಲ್ಕೋಹಾಲು ಆ ದೋಷವನ್ನ ಮುಚ್ಚಿಬಿಡುತ್ತೆ. ಗೋಧಿ ಬಿಯರ್ ಪಾಪ, ತೆಳು ಬಟ್ಟೆ ಹಾಕ್ಕೊಂಡವರ ಹಾಗೆ, ಏನಿದ್ದರೂ ಕಾಣುತ್ತೆ.

ಇನ್ನೊಂದು, ಬೆಳಕು. ಕಹಿ ಬರೋಕೆ ಹಾಕೋ ಹಾಪ್ಸ್ ಹೂವಿನ ಅಂಶಕ್ಕೆ ಬಿಸಿಲು ಬಿದ್ದರೆ ಸುಟ್ಟ ರಬ್ಬರಿನಂಥ, ಸತ್ತ ಪ್ರಾಣಿಯಂಥ ಒಂದು ನಾತ ಹುಟ್ಟುತ್ತೆ. ಕಂದು ಗಾಜು ಅದನ್ನ ಚೆನ್ನಾಗಿ ತಡೆಯುತ್ತೆ. ಹಸಿರು ಗಾಜು ಅಷ್ಟಕ್ಕಷ್ಟೆ. ಬಿಳಿ ಗಾಜಂತೂ ತಡೆಯೋದೇ ಇಲ್ಲ. ಹಸಿರು ಬಾಟಲಿ ಫಾರಿನ್ ಅನ್ನೋ ಭ್ರಮೆಯಿಂದ ಅಂಗಡಿಯವರು ಅದನ್ನೇ ಮುಂದೆ ಗಾಜಿನ ಹತ್ತಿರ ಸಾಲಾಗಿ ನಿಲ್ಲಿಸ್ತಾರೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತೆ.

ಕ್ಯಾನ್ ತಗೊಳ್ಳಿ. ತಯಾರಾದ ತಾರೀಖು ಓದಿ. ಎರಡು ತಿಂಗಳ ಒಳಗಿದ್ದರೆ ಮಾತ್ರ.

ಹಾವೇರಿ_ಖಾರ · ಶನಿವಾರ ರಾತ್ರಿ 11:48

ಮೇಷ್ಟ್ರೇ ಒಂದು ಡೌಟು. ನಮ್ಮ ದೊಡ್ಡಪ್ಪ ಸಾವಜಿ ಖಾನಾವಳಿಯಲ್ಲಿ ಕೂತರೆ ಮೊದಲು ಗ್ಲಾಸಿನ ತುಂಬ ನೀರು ಹಾಕಿಸಿ ಬಿಯರ್ ಬಾಟಲಿಯನ್ನ ತಲೆಕೆಳಗೆ ಮಾಡಿ ಅದರಲ್ಲಿ ನಿಲ್ಲಿಸ್ತಾರೆ. ಗ್ಲಿಸರಿನ್ ಇಳಿಯುತ್ತೆ ಅಂತ. ಎಣ್ಣೆ ಹಾಗೆ ಏನೋ ಸುರುಳಿ ಸುರುಳಿಯಾಗಿ ಕೆಳಗಿಳಿಯೋದು ನಾನೇ ಕಣ್ಣಾರೆ ನೋಡಿದ್ದೀನಿ. ಅದು ಖರೇನಾ?

ಮಾಲ್ಟ್_ಮೇಷ್ಟ್ರು · ಭಾನುವಾರ ಬೆಳಿಗ್ಗೆ 7:05

ಇದನ್ನ ಕೇಳದೆ ನನ್ನ ಒಂದು ವಾರ ಕಳೆಯಲ್ಲ. ಇಳಿಯೋದು ಬಿಯರ್ರೇ. ನೀರಿಗಿಂತ ಬಿಯರ್ ಒಂದು ಕೂದಲೆಳೆಯಷ್ಟು ಭಾರ, ಹಾಗಾಗಿ ನೀರಿನಲ್ಲಿ ಕೆಳಗಿಳಿಯುತ್ತೆ. ಸಕ್ಕರೆ ಪಾಕ ನೀರಿಗೆ ಹುಯ್ದರೂ ಅದೇ ಸುರುಳಿ ಕಾಣುತ್ತೆ, ಮನೆಯಲ್ಲಿ ಮಾಡಿ ನೋಡಿ. ಹುದುಗುವಾಗ ಯೀಸ್ಟ್ ತಾನೇ ಸ್ವಲ್ಪ ಗ್ಲಿಸರಿನ್ ಮಾಡುತ್ತೆ, ಅದು ಪೂರ್ತಿ ಬೆರೆತಿರುತ್ತೆ, ಬಾಟಲಿ ತಲೆಕೆಳಗೆ ಮಾಡಿದರೆ ಬೇರೆಯಾಗಿ ಹೊರಗೆ ಬರಲ್ಲ. ನಿಮ್ಮ ದೊಡ್ಡಪ್ಪ ದುಡ್ಡು ಕೊಟ್ಟ ಬಿಯರನ್ನ ನೀರಿಗೆ ಹಾಕ್ತಿದ್ದಾರೆ, ಅಷ್ಟೆ. ಹೇಳೋಕೆ ಹೋಗಬೇಡಿ, ಜಗಳ ಆಗುತ್ತೆ.

ಸಪ್ತಾಪುರ_ಅಕ್ಕ · ಭಾನುವಾರ ಬೆಳಿಗ್ಗೆ 9:30

ಎಲ್ಲರೂ ಗೌಂಡಿ, ದೊಡ್ಡಪ್ಪ, ಗಿರಾಕಿ ಅಂತ ಬರೀತಿದ್ದೀರಿ. ಈ ಊರಲ್ಲಿ ಬಿಯರ್ ಕುಡಿಯೋ ಹೆಂಗಸರೂ ಇದ್ದೀವಿ ಅನ್ನೋದು ಯಾರಿಗೂ ನೆನಪಾಗಲಿಲ್ಲ ಅಲ್ವಾ?

ನನಗೆ ಸ್ಟ್ರಾಂಗ್ ಆಗಲ್ಲ, ತಲೆನೋವು. ಲೈಟ್ ಬಿಯರ್, ಗೋಧಿ ಬಿಯರ್, ಅದೂ ಕಿತ್ತಳೆ ಸಿಪ್ಪೆ ಕೊತ್ತಂಬರಿ ಬೀಜ ಹಾಕಿದ್ದಾದರೆ ಭಾಳ ಇಷ್ಟ. ಆದರೆ ಕೌಂಟರ್ ಮುಂದೆ ನಾನು ನಿಲ್ಲೋ ಹಾಗಿದೆಯಾ? ಜಾಲರಿ ಕಿಂಡಿ, ಅದರೊಳಗೆ ಹತ್ತು ಕೈ. ಹಾಗಾಗಿ ನಮ್ಮೆಜಮಾನರು ತರ್ತಾರೆ. ಅವರು ಫ್ರಿಜ್‌ನಲ್ಲಿ ಯಾವುದು ಕೈಗೆ ಸಿಕ್ಕಿತೋ ಅದನ್ನ ತರ್ತಾರೆ. ಅಂದರೆ ಸ್ಟ್ರಾಂಗ್. ಕಾಕಾ ಅವರ ಪಟ್ಟಿಯಲ್ಲಿ ನಮ್ಮ ಮನೆಯೂ ಸ್ಟ್ರಾಂಗ್ ಮನೆ ಅಂತಲೇ ಬರ್ಕೊಂಡಿರ್ತದೆ, ಅಲ್ವಾ ಕಾಕಾ?

ಗೋವಾಕ್ಕೆ ಹೋದಾಗ ಕಿಂಗ್‌ಫಿಷರ್ ಅವರ ಲೆಮನ್ ಮಸಾಲಾ ಕುಡಿದೆ. ನಮ್ಮ ಕಡೆ ಸೋಡಾ ಅಂಗಡಿಯ ನಿಂಬು-ಜೀರಾ ಸೋಡಾಕ್ಕೆ ಯಾರೋ ಬಿಯರ್ ಬೆರೆಸಿದ ಹಾಗಿತ್ತು, ಮೊದಲ ಗುಟುಕಿಗೆ ನಗು ಬಂತು, ಮೂರನೇ ಗುಟುಕಿಗೆ ಇಷ್ಟ ಆಯ್ತು. ಮಿರ್ಚಿ ಗಿರ್ಮಿಟ್ ಜೊತೆ ಅದಕ್ಕಿಂತ ಬೇರೆ ಬೇಡ ಅನ್ನಿಸಿತು.

ಕೌಂಟರ್_ಕಾಕಾ · ಭಾನುವಾರ ಬೆಳಿಗ್ಗೆ 10:02

ಅಕ್ಕಾರ, ತಪ್ಪು ನಮ್ಮದೇ. ನೀವು ಹೇಳಿದ್ದು ನಾನು ಯೋಚನೆ ಮಾಡಿದ್ದೇ ಇಲ್ಲ. ಗಂಡಸು ಬಂದು ಕೇಳಿದ್ದನ್ನ ಅವನ ಲೆಕ್ಕಕ್ಕೇ ಬರ್ಕೊಳ್ತೀವಿ.

ಆದರೆ ಒಂದು ಮಾತು, ಎಲ್ಲಾನೂ ಅಂಗಡಿಯವರ ಕೈಯಲ್ಲಿಲ್ಲ. ನಾವು ಕೆಎಸ್‌ಬಿಸಿಎಲ್, ಅಂದರೆ ಸರ್ಕಾರದ ಸಗಟು ಮದ್ಯದ ಡಿಪೋಗೆ ಮೊದಲೇ ರೊಕ್ಕ ಕಟ್ಟಿ ಮಾಲು ಎತ್ತಬೇಕು. 650ರದ್ದು ಕೇಸಿಗೆ 12, 330ರದ್ದು ಕೇಸಿಗೆ 24. ಆ 24ರಲ್ಲಿ ಆರು ಹೋಗಿ ಹದಿನೆಂಟು ಉಳಿದರೆ ನನ್ನ ರೊಕ್ಕ ಅಲ್ಲೇ ಕೂತಿತು. ಮಾಲೀಕ ಬೈತಾನೆ. ಆಮೇಲೆ ಟ್ಯಾಕ್ಸು. 2023ರ ಜುಲೈನಲ್ಲಿ ಹೆಚ್ಚುವರಿ ಅಬಕಾರಿ ಸುಂಕ 175ರಿಂದ 185 ಪರ್ಸೆಂಟ್ ಆಯ್ತು. 2025ರ ಜನವರಿ 20ರಿಂದ 195, ಇಲ್ಲವೇ ಲೀಟರಿಗೆ 130 ರೂಪಾಯಿ, ಯಾವುದು ಜಾಸ್ತಿಯೋ ಅದು ಅಂತ ಮಾಡಿದರು. ಆ 130ರ ಲೆಕ್ಕ ಯಾರಿಗೆ ಪೆಟ್ಟು ಕೊಡ್ತು ಗೊತ್ತಾ? ತುಟ್ಟಿ ಬಿಯರ್‌ಗಲ್ಲ, ಸೋವಿ ಬಿಯರ್‌ಗೆ. 650ರ ಬಾಟಲಿ ಮೇಲೆ ಆಗ ಅದೊಂದೇ 84 ರೂಪಾಯಿ 50 ಪೈಸೆ ಆಯ್ತು. ಸೋವಿ ಬಾಟಲಿಯವರೆಲ್ಲ ಒಂದು ವಾರ ಬಂದು ರೇಟು ಕೇಳಿ, ಮರುವಾರ ಬಂದು ಕ್ವಾರ್ಟರ್ ಕೇಳಿದರು. ನನ್ನ ಕಣ್ಣ ಮುಂದೆ.

ಉಣಕಲ್_ಹಕ್ಕಿ · ಭಾನುವಾರ ಬೆಳಿಗ್ಗೆ 10:40

ಕಾಕಾ, ಇದು ಒಳ್ಳೇ ಮಾತು. ಹಾಗಾದರೆ ಹೊಸ ರುಚಿ ತರೋ ಕಂಪನಿಗಳಿಗೆ ಇಲ್ಲಿ ಏನಾಗುತ್ತೆ ನೋಡಿ. ಬೀರಾ 2015ರಲ್ಲಿ ಬಂತು, ಮೊದಮೊದಲು ಬೆಲ್ಜಿಯಂನಲ್ಲಿ ಮಾಡಿಸಿ ತರ್ತಿದ್ದರು. ಕಹಿ ಕಡಿಮೆ ಇರೋ ಗೋಧಿ ಬಿಯರ್, ಅದೇ ಅವರ ಹೆಸರು. ಆಮೇಲೆ ಅವರೂ ಬೂಮ್ ಅಂತ ಸ್ಟ್ರಾಂಗ್ ತಂದರು! ನಾಲಿಗೆ ತಿದ್ದೋಕೆ ಬಂದವರೂ ಕೊನೆಗೆ ಕಿಕ್ಕಿಗೆ ಬರಲೇಬೇಕಾಯ್ತು. ಇನ್ನು ಕಂಪನಿ ಹೆಸರಿನಲ್ಲಿ 'ಪ್ರೈವೇಟ್' ಅನ್ನೋ ಪದ ಬಿಟ್ಟಿದ್ದಕ್ಕೆ ರಾಜ್ಯ ರಾಜ್ಯದಲ್ಲೂ ಲೇಬಲ್ ಮತ್ತೆ ನೋಂದಾಯಿಸಬೇಕಾಗಿ ತಿಂಗಳುಗಟ್ಟಲೆ ಮಾರಾಟ ನಿಂತಿತು. ಒಂದು ಪದಕ್ಕೆ! ಹೊಸ ರುಚಿ ತರೋದಕ್ಕಿಂತ ಹೊಸ ಲೇಬಲ್ ತರೋದು ಕಷ್ಟ ಈ ದೇಶದಲ್ಲಿ.

ದೊಡ್ಡವರಿಗೆ ಈ ತೊಂದರೆ ತಡೆಯೋ ಶಕ್ತಿ ಇದೆ. ಕಿಂಗ್‌ಫಿಷರ್ ಮಾಡೋ ಯುನೈಟೆಡ್ ಬ್ರೂವರೀಸ್ 2021ರಲ್ಲಿ ಹಾಲೆಂಡಿನ ಹೈನಕೆನ್ ಕೈಗೆ ಹೋಯ್ತು, ನಾಕೌಟ್, ಹೇವರ್ಡ್ಸ್ ಎಲ್ಲಾ 2016ರಲ್ಲೇ ಬೆಲ್ಜಿಯಂನ ಎಬಿ ಇನ್‌ಬೆವ್‌ಗೆ. ನಮ್ಮ ಫ್ರಿಜ್‌ನಲ್ಲಿ ಹತ್ತು ಹೆಸರು ಕಂಡರೂ ಮಾಲೀಕರು ಎರಡು-ಮೂರು ಮನೆಯವರೇ.

ಬೆಟಗೇರಿ_ಮಗ · ಭಾನುವಾರ ಮಧ್ಯಾಹ್ನ 1:15

ಅಲ್ರೀ, ನನಗೆ ಬೇರೆಯದೇ ತಲೆ ಓಡ್ತಿದೆ. ಗೋಧಿ ಬಿಯರ್, ಅಕ್ಕಿ ಬಿಯರ್ ಎಲ್ಲಾ ಆಗುತ್ತೆ ಅಂದಮೇಲೆ ಜೋಳದ್ದು ಯಾಕೆ ಆಗಬಾರದು? ಗದಗ, ನರಗುಂದ, ನವಲಗುಂದದ ಎರಿ ಹೊಲದ ಹಿಂಗಾರಿ ಬಿಳಿಜೋಳಕ್ಕಿಂತ ಚಲೋ ಕಾಳು ಎಲ್ಲಿದೆ? ಬಿಯರ್ ಮಾಡೋ ಬಾರ್ಲಿ ರಾಜಸ್ಥಾನ, ಹರಿಯಾಣದಿಂದ ಬರಬೇಕು, ಹಾಪ್ಸ್ ಫಾರಿನ್‌ನಿಂದ. 2023ರಲ್ಲಿ ಸಿರಿಧಾನ್ಯ ವರ್ಷ ಅಂತ ಜೋಳದ ಬಿಸ್ಕೀಟು, ಜೋಳದ ನೂಡಲ್ಸು ಎಲ್ಲಾ ಮಾಡಿದರು. ಬಿಯರ್ ಒಂದು ಯಾಕೆ ಬಿಟ್ಟರು?

ಮಾಲ್ಟ್_ಮೇಷ್ಟ್ರು · ಭಾನುವಾರ ಮಧ್ಯಾಹ್ನ 2:50

ಊಟ ಮಾಡಿ ಮಲಗೋಣ ಅಂತಿದ್ದೆ, ನಿದ್ದೆ ಕೆಡಿಸಿದಿರಿ.

ಆಗುತ್ತೆ. ಆಗಿದೆ ಕೂಡ. ನೈಜೀರಿಯಾದಲ್ಲಿ 1988ರಲ್ಲಿ ಸರ್ಕಾರ ಬಾರ್ಲಿ ತರಿಸೋದನ್ನೇ ನಿಲ್ಲಿಸಿಬಿಡ್ತು. ಅಲ್ಲಿನ ದೊಡ್ಡ ದೊಡ್ಡ ಕಾರ್ಖಾನೆಗಳಿಗೆ ಬೇರೆ ದಾರಿ ಇರಲಿಲ್ಲ, ಜೋಳ ಮತ್ತು ಗೋವಿನಜೋಳಕ್ಕೆ ಬಂದರು. ಅಲ್ಲಿನ ಗಿನ್ನೆಸ್ ಬಿಯರ್ ಕೂಡ ಜೋಳದ್ದೇ. ಆಫ್ರಿಕಾದಲ್ಲಿ ಇನ್ನೊಂದಿದೆ, ಚಿಬುಕು. ಹಾಲಿನ ಪ್ಯಾಕೆಟ್ಟಿನಂಥ ರಟ್ಟಿನ ಡಬ್ಬಿಯಲ್ಲಿ ಬರುತ್ತೆ, ಅಲ್ಲಾಡಿಸಿ ಕುಡೀಬೇಕು, ಡಬ್ಬಿಯೊಳಗೂ ಹುದುಗ್ತಾನೇ ಇರುತ್ತೆ. ದಪ್ಪ, ಹುಳಿ. ನಮ್ಮ ಹುಳಿ ಅಂಬಲಿಗೆ ನೆಂಟ ಅಂದ್ಕೊಳ್ಳಿ.

ಆದರೆ ಜೋಳ ಹಠಮಾರಿ ಕಾಳು. ನಿಮ್ಮ ಮನೆಯ ರೊಟ್ಟಿ ನೋಡಿ. ಗೋಧಿ ಹಿಟ್ಟು ತಣ್ಣೀರಿಗೆ ಕಲಸ್ತೀರಿ, ಜೋಳದ ಹಿಟ್ಟಿಗೆ ಎಸರು ಕುದಿಸಿ ಹಾಕ್ತೀರಿ, ಹೌದಲ್ಲೋ? ಬಿಯರ್‌ನಲ್ಲೂ ಜೋಳ ಅದೇ ಬಿಸಿ ಕೇಳುತ್ತೆ. ಬಾರ್ಲಿಯ ಪಿಷ್ಟ 60-65 ಡಿಗ್ರಿಗೆ ಬಿಚ್ಚಿಕೊಳ್ಳುತ್ತೆ, ಅಷ್ಟೊತ್ತಿಗೆ ಮೊಳಕೆಯಲ್ಲಿರೋ ಕಿಣ್ವಗಳು ಜೀವಂತ ಇದ್ದು ಅದನ್ನ ಸಕ್ಕರೆ ಮಾಡ್ತವೆ. ಜೋಳದ ಪಿಷ್ಟ ಬಿಚ್ಚಿಕೊಳ್ಳೋಕೆ 70ರ ಮೇಲೆ ಬೇಕು. ಅಷ್ಟು ಬಿಸಿಗೆ ಕಿಣ್ವ ಸತ್ತು ಹೋಗಿರುತ್ತೆ. ಹಾಗಾಗಿ ಮೊದಲು ಬೇರೆ ಬೇಯಿಸಿ, ಆರಿಸಿ, ಆಮೇಲೆ ಕಿಣ್ವ ಸೇರಿಸಬೇಕು. ಎರಡು ಕೆಲಸ, ಎರಡು ಪಾತ್ರೆ.

ಎರಡನೇ ತೊಂದರೆ ಹೊಟ್ಟು. ಬಾರ್ಲಿಗೆ ಹೊಟ್ಟು ಅಂಟಿಕೊಂಡಿರುತ್ತೆ, ಅದೇ ಪಾತ್ರೆಯ ತಳದಲ್ಲಿ ಕೂತು ಸೋಸೋ ಜರಡಿ ಆಗುತ್ತೆ. ರಾಶಿ ಮಾಡಿದ ಜೋಳಕ್ಕೆ ಹೊಟ್ಟೆಲ್ಲಿದೆ? ಗಂಜಿ ಹಾಗೆ ಗಟ್ಟಿಯಾಗಿ ಕೂತು ಒಂದು ಹನಿ ಕೆಳಗಿಳಿಯಲ್ಲ. ನಾನು ಒಂದು ಸಲ ಲ್ಯಾಬಿನಲ್ಲಿ ಐದು ಕಿಲೋ ಹಾಕಿ ನೋಡಿದ್ದೆ. ಬೆಳಿಗ್ಗೆ ಹತ್ತಕ್ಕೆ ಸೋಸೋಕೆ ಇಟ್ಟಿದ್ದು ಸಂಜೆ ನಾಲ್ಕಾದರೂ ಅರ್ಧ ಬಕೆಟ್ಟೂ ತುಂಬಲಿಲ್ಲ. ಕೊನೆಗೆ ಸೀರೆ ಬಟ್ಟೆಯಲ್ಲಿ ಕಟ್ಟಿ ಹಿಂಡಿದೆವು, ಮೊಸರು ಕಟ್ಟಿ ಸೋಸೋ ಹಾಗೆ. ರುಚಿ? ಕಹಿಗಿಂತ ಸ್ವಲ್ಪ ಒಗರು ಜಾಸ್ತಿ, ಹಿಂದೆ ಬಿಸಿ ರೊಟ್ಟಿಯ ಹೊರಪದರದ ವಾಸನೆ. ನನಗೆ ಇಷ್ಟ ಆಯ್ತು. ನನ್ನ ಮೇಲಿನವರಿಗೆ ಆಗಲಿಲ್ಲ, ಅಲ್ಲಿಗೇ ನಿಂತಿತು.

ಹಾವೇರಿ_ಖಾರ · ಭಾನುವಾರ ಮಧ್ಯಾಹ್ನ 3:10

ಬಿಸಿ ರೊಟ್ಟಿ ವಾಸನೆಯ ಬಿಯರ್ರಾ!! ಅದಕ್ಕೆ ಒಂದು ಬ್ಯಾಡಗಿ ಮೆಣಸಿನಕಾಯಿ, ನಾಲ್ಕು ಏಲಕ್ಕಿ ಹಾಕಿ, ಹಾವೇರಿ ಜಿಲ್ಲೆಯನ್ನೇ ಬಾಟಲಿಗೆ ತುಂಬಬಹುದು.

ಮಾಲ್ಟ್_ಮೇಷ್ಟ್ರು · ಭಾನುವಾರ ಮಧ್ಯಾಹ್ನ 3:25

ತಮಾಷೆಗೆ ಹೇಳಿದರೂ ಬ್ಯಾಡಗಿ ಸರಿಯಾದ ಆಯ್ಕೆ. ಅದರಲ್ಲಿ ಖಾರ ಕಡಿಮೆ, ಬಣ್ಣ ಜಾಸ್ತಿ. ಏಲಕ್ಕಿ ಮಾತ್ರ ಕೈ ಜಾರಿದರೆ ಪಾಯಸ ಆಗುತ್ತೆ, ಹುಷಾರು.

ಒಂದು ಹಳೇ ಕಥೆ ಹೇಳ್ತೀನಿ. ಈಗ ಫಾರಿನ್ ಅಂತ ಕುಡಿಯೋ ಹೂಗಾರ್ಡನ್ ಇದೆಯಲ್ಲ, ಆ ಥರದ ಗೋಧಿ ಬಿಯರ್ ಬೆಲ್ಜಿಯಂನ ಅದೇ ಹೆಸರಿನ ಹಳ್ಳಿಯಲ್ಲಿ 1950ರ ದಶಕದಲ್ಲಿ ಸತ್ತೇ ಹೋಗಿತ್ತು. ಜನ ಎಲ್ಲಾ ತಿಳಿ ಬಂಗಾರದ ಬಣ್ಣದ ಲಾಗರ್ ಬಿಯರ್ ಹಿಂದೆ ಬಿದ್ದಿದ್ದರು, ಕೊನೇ ಭಟ್ಟಿಯೂ ಮುಚ್ಚಿತ್ತು. 1966ರಲ್ಲಿ ಪಿಯರ್ ಸೆಲಿಸ್ ಅನ್ನೋ ಹಾಲು ಮಾರುವವನು ಅದನ್ನ ಮತ್ತೆ ಶುರು ಮಾಡಿದ. ಅದೇ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ. ಸಪ್ತಾಪುರದ ಅಕ್ಕ ಇಷ್ಟಪಡೋದು ಅವನದೇ ಪಾಕ.

ನಿರ್ವಾಹಕ · ಭಾನುವಾರ ಸಂಜೆ 5:00

ಚರ್ಚೆ ಚೆನ್ನಾಗಿದೆ, ನಿಲ್ಲಿಸ್ತಿಲ್ಲ. ಆದರೆ ನಾಲ್ಕು ಜನ ಖಾಸಗಿ ಸಂದೇಶದಲ್ಲಿ ಮನೆಯಲ್ಲಿ ಜೋಳದ ಬಿಯರ್ ಮಾಡೋ ಅಳತೆ ಕೇಳಿದ್ದಾರೆ. ಲೈಸೆನ್ಸ್ ಇಲ್ಲದೆ ಮಾಡೋದು ಅಬಕಾರಿ ಕಾಯ್ದೆಯಲ್ಲಿ ಅಪರಾಧ. ಗೋವಾದಿಂದ ಡಿಕ್ಕಿಯಲ್ಲಿ ತುಂಬ್ಕೊಂಡು ಬಂದ ಫೋಟೋ ಹಾಕಿದ್ದನ್ನೂ ತೆಗೆದಿದ್ದೇನೆ, ಅಣ್ಣಂದಿರೇ ಸ್ವಲ್ಪ ತಲೆ ಓಡಿಸಿ. 21 ತುಂಬದವರು ಈ ಎಳೆಯಿಂದ ಹೊರಗೆ.

ಕೌಂಟರ್_ಕಾಕಾ · ಭಾನುವಾರ ರಾತ್ರಿ 11:30

ಇವತ್ತು ಅಂಗಡಿ ಮುಚ್ಚಿದ ಮೇಲೆ ಬರೀತಿದ್ದೀನಿ. ಮೇಷ್ಟ್ರು ಹೇಳಿದ್ದಕ್ಕೆ ಮೇಲಿನ ಸಾಲಿನ ಬಾಟಲಿಗಳ ತಾರೀಖು ಕೂತು ನೋಡಿದೆ. ಐದು ತಿಂಗಳು ದಾಟಿದ್ದು ಹನ್ನೊಂದು ಇದ್ದವು. ನಾಚಿಕೆ ಆಯ್ತು. ಮಾಲೀಕರಿಗೆ ಹೇಳಿ ಆ ಹನ್ನೊಂದನ್ನ ಬೇರೆ ಎತ್ತಿಟ್ಟೆ. ಫ್ರಿಜ್‌ನ ಕೆಳಗಿನ ತಟ್ಟೆಯಲ್ಲಿ ಒಂದು ಸಾಲು, ಆರು ಬಾಟಲಿ ಜಾಗ, ಹೊಸ ಮಾಲಿಂದ ಗೋಧಿ ಬಿಯರ್‌ಗೆ ಕೊಟ್ಟೆ. ಒಂದು ತಿಂಗಳು ನೋಡ್ತೀನಿ. ಹೋಗಲಿಲ್ಲ ಅಂದರೆ ತೆಗೆದುಬಿಡ್ತೀನಿ, ಆಮೇಲೆ ನನ್ನನ್ನ ಕೇಳಬೇಡಿ.

ಅಕ್ಕಾರ, ಯಜಮಾನರನ್ನ ಕಳಿಸುವಾಗ ಚೀಟಿ ಬರೆದು ಕಳಿಸ್ರಿ. ಚೀಟಿ ಇದ್ದರೆ ಗಂಡಸರು ತಪ್ಪು ಮಾಡಲ್ಲ.

ಸಪ್ತಾಪುರ_ಅಕ್ಕ · ಸೋಮವಾರ ಬೆಳಿಗ್ಗೆ 8:10

ಚೀಟಿ ಬರೆದರೂ ಕೊತ್ತಂಬರಿ ಬದಲು ಪುದೀನ ತಂದವರು ಅವರು ಕಾಕಾ. ನಾನೇ ಬರ್ತೀನಿ. ನಿಮ್ಮ ಅಂಗಡಿ ಯಾವುದು ಅಂತ ಖಾಸಗಿಯಾಗಿ ತಿಳಿಸಿ, ಯಾವ ಹೊತ್ತಿನಲ್ಲಿ ಗದ್ದಲ ಕಡಿಮೆ ಅನ್ನೋದನ್ನೂ.

ಬೆಟಗೇರಿ_ಮಗ · ಸೋಮವಾರ ಬೆಳಿಗ್ಗೆ 9:45

ನಿನ್ನೆ ರಾತ್ರಿ ಅವ್ವನಿಗೆ ಈ ಜೋಳದ ಬಿಯರ್ ವಿಷಯ ಹೇಳಿದೆ. ಮೊಳಕೆ ಬರಿಸಿ ಮಾಡೋದು ಅಂದ ಕೂಡಲೇ ರೊಟ್ಟಿ ಬಡಿಯೋದು ನಿಲ್ಲಿಸಿ, "ಎಳೀ ಜ್ವಾಳದ ಕುಡಿ ತಿಂದ್ರ ದನಾನ ಸಾಯ್ತಾವು, ನೀವೇನು ಅದನ್ನ ಕುಡೀತೀರೇನೋ ಹುಚ್ಚಪ್ಪ" ಅಂದಳು. ಮೇಷ್ಟ್ರೇ, ಇದಕ್ಕೇನಂತೀರಿ?

ಮಾಲ್ಟ್_ಮೇಷ್ಟ್ರು · ಸೋಮವಾರ ಬೆಳಿಗ್ಗೆ 10:20

ನಿಮ್ಮ ಅವ್ವ ನನಗಿಂತ ಮೊದಲೇ ಲ್ಯಾಬ್ ಪಾಸಾದವರು. ಜೋಳದ ಎಳೆ ಕುಡಿಯಲ್ಲಿ ಸಯನೈಡ್ ಹುಟ್ಟಿಸೋ ಅಂಶ ಇರೋದು ಖರೆ, ದನ ಸಾಯೋದು ಅದಕ್ಕೇ. ಮಾಲ್ಟ್ ಮಾಡುವಾಗ ಮೊಳಕೆಯನ್ನ ಬಿಸಿಗಾಳಿಯಲ್ಲಿ ಒಣಗಿಸಿ, ಬೇರು ಕುಡಿ ಎರಡನ್ನೂ ಉಜ್ಜಿ ಉದುರಿಸಿ, ಕಾಳನ್ನಷ್ಟೇ ಇಟ್ಕೋಬೇಕು, ಆಮೇಲೆ ಬೇಯಿಸೋದು. ನಾನು ಐದು ಕಿಲೋ ಮಾಡಿದಾಗ ಉಜ್ಜೋಕೆ ಕೂತಿದ್ದು ನನ್ನ ಹೆಂಡತಿ, ಮೊರದಲ್ಲಿ ಹಾಕಿ ಕೇರಿ ಕೊಟ್ಟಳು. ಅವಳೂ ನರಗುಂದದವಳು, ಅವಳೂ ಮೊದಲು ಇದೇ ಮಾತು ಅಂದಿದ್ದಳು.